ಏಳನೇ ಕಾಲಂ

ಜೂನ್ 19

ದಾಖಲಾತಿ ಅಧಿಕಾರಿಯವರಿಗೆ,

ಹೀಗೆ ಕರೆದರೆ ನಿನಗೆ ಸಂತೋಷವಾದೀತು ಎಂದು ಹೀಗೇ ಶುರು ಮಾಡಿದ್ದೇನೆ. ಐದು ವರ್ಷದಿಂದ ನನ್ನ ನಾದಿನಿಯಿಂದ ಒಂದು ಸಾಲು ಬಂದಿರಲಿಲ್ಲ. ಇವತ್ತು ಬಂತು, ಸರ್ಕಾರಿ ಲಕೋಟೆಯಲ್ಲಿ, ಮೂರು ಮುದ್ರೆ ಒತ್ತಿಸಿಕೊಂಡು. ನಮ್ಮ ಶಿಶುವಿಹಾರದಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳಿರುವುದರಿಂದ ಸೆಪ್ಟೆಂಬರಿನಿಂದ ಅದನ್ನು ಮುಚ್ಚಿ, ಹೆದ್ದಾರಿಯ ಆಚೆಗಿರುವ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಕೆಳಗೆ ನಿನ್ನ ಸಹಿ. ಆ ಬಾಲ ಎಳೆದ ಸಹಿಯನ್ನು ಗುರುತಿಸಲು ನನಗೆ ಕನ್ನಡಕವೂ ಬೇಕಾಗಲಿಲ್ಲ.

ಇಪ್ಪತ್ಮೂರು ಎನ್ನುವುದು ನಿನಗೆ ಒಂದು ಅಂಕಿ. ನನಗೆ ಅದು ಇಪ್ಪತ್ಮೂರು ಮೂಗು, ಬೆಳಗ್ಗೆಯಿಂದ ಸಂಜೆವರೆಗೆ ಒರೆಸಬೇಕು. ಈ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಹಿಂದಿನ ಬೀದಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಹೋಗುತ್ತಾರೆ. ಏಳಕ್ಕೆ ಸೈರನ್ ಆಗುತ್ತದೆ. ಆರೂ ಮುಕ್ಕಾಲಿಗೆ ನಾನು ಬಾಗಿಲು ತೆಗೆದಿರುತ್ತೇನೆ. ಆ ನಿನ್ನ ದೊಡ್ಡ ಶಾಲೆ ತೆಗೆಯುವುದೇ ಒಂಬತ್ತಕ್ಕೆ, ಹೆದ್ದಾರಿ ದಾಟಿ ಹೋಗಿ ಬರಲು ಮುಕ್ಕಾಲು ಗಂಟೆ ಬೇಕು. ಹಾಗಾಗಿ ಒಬ್ಬರೂ ಹೋಗುವುದಿಲ್ಲ. ನಾನು ಇಲ್ಲಿಗೆ ಬರುವ ಮೊದಲು ಏನಾಗುತ್ತಿತ್ತೋ ಅದೇ ಆಗುತ್ತದೆ: ಮಕ್ಕಳು ಕಾರ್ಖಾನೆಯೊಳಗೆ, ಕತ್ತರಿ ಯಂತ್ರದಿಂದ ಆರು ಹೆಜ್ಜೆ ದೂರದಲ್ಲಿ, ಖಾಲಿ ಪೆಟ್ಟಿಗೆಗಳಲ್ಲಿ ಕೂತಿರುತ್ತಾರೆ. ಆಗ ಒಂದು ಹೆಣ್ಣುಮಗುವಿನ ಎರಡು ಬೆರಳು ಹೋದ ಮೇಲೆಯೇ ಈ ಶಾಲೆ ಶುರುವಾದದ್ದು. ನಿಮ್ಮ ಕಡತದಲ್ಲಿ ಆ ಬೆರಳುಗಳ ಲೆಕ್ಕ ಇದ್ದರೆ ಹುಡುಕಿ ನೋಡು.

ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊ. ಮೂರು ವರ್ಷದ ಮಕ್ಕಳ ಮೇಲೆ ಬೇಡ.

ಇಂತಿ,
ಮುಖ್ಯ ಶಿಕ್ಷಕಿ
(ಮರೆತಿದ್ದರೆ, ನಿನ್ನ ಅಣ್ಣನ ಹೆಂಡತಿ)


ಜೂನ್ 30

ಅತ್ತಿಗೆ,

ನಿಮ್ಮ ಕಾಗದ ಕಚೇರಿಗೆ ಬಂತು, ಪುಣ್ಯಕ್ಕೆ ಯಾರೂ ಒಡೆಯುವ ಮೊದಲೇ ನನ್ನ ಕೈ ಸೇರಿತು. ಇನ್ನು ಮೇಲೆ ಬರೆಯುವುದಿದ್ದರೆ ಮನೆಗೆ ಬರೆಯಿರಿ. ನನ್ನ ಪಕ್ಕದ ಮೇಜಿನ ಗುಮಾಸ್ತನಿಗೆ ಬೇರೆಯವರ ಲಕೋಟೆ ಒಡೆಯುವುದು ಒಂದು ಹವ್ಯಾಸ.

ಆ ನೋಟಿಸು ಒಂದೇ ದಿನ ನೂರ ನಲವತ್ತು ಶಾಲೆಗಳಿಗೆ ಹೋಗಿದೆ. ಕಟ್ಟಿಗೆ ಕಟ್ಟು ಸಹಿ ಹಾಕಿದ್ದೇನೆ, ನಿಮ್ಮದು ಅದರಲ್ಲಿ ಎಷ್ಟನೆಯದೋ ನೋಡಿಯೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಿಮ್ಮ ಹಳೇ ಅಭ್ಯಾಸ.

ಸಿಟ್ಟು ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅಣ್ಣ ಹೋಗಿ ಎಂಟು ದಿನವಾಗಿರಲಿಲ್ಲ, ನೀವು ಬೀಗದ ಕೈಯನ್ನು ಊಟದ ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ನಿಮ್ಮ ಶಾಲೆಯ ಹತ್ತಿರ ಬೇರೆ ಮನೆ ಮಾಡಿಕೊಂಡು ಹೊರಟುಹೋದಿರಿ. ಹಾಸಿಗೆ ಹಿಡಿದಿದ್ದ ಅಮ್ಮನನ್ನು ಎರಡು ವರ್ಷ ಒಬ್ಬಳೇ ಎತ್ತಿ ಮಗ್ಗುಲು ಬದಲಿಸಿದವಳು ನಾನು. ನನ್ನ ಸೊಂಟ ಇವತ್ತಿಗೂ ಸರಿಯಾಗಿಲ್ಲ. ಆದರೆ ಆ ಸಿಟ್ಟು ಬೇರೆ, ಈ ನೋಟಿಸು ಬೇರೆ.

ನಿಯಮ ಇಪ್ಪತ್ತೈದು ಎನ್ನುತ್ತದೆ. ಅದಕ್ಕೆ ಇರುವುದು ಒಂದೇ ವಿನಾಯಿತಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊರಗಿನಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳವರಾಗಿದ್ದರೆ, ಹನ್ನೆರಡೇ ಮಕ್ಕಳಿದ್ದರೂ ಆ ಶಾಲೆಯನ್ನು ಮುಚ್ಚುವ ಹಾಗಿಲ್ಲ. ದಾಖಲಾತಿ ಪುಸ್ತಕದ ಏಳನೇ ಕಾಲಂನಲ್ಲಿ ‘ಸ್ಥಳೀಯ’ ಅಥವಾ ‘ಹೊರಗಿನವರು’ ಎಂದು ಬರೆಸುವುದೇ ಅದಕ್ಕೆ. ನಿಮ್ಮ ಕಾಗದ ಬಂದ ಮೇಲೆ ನಿಮ್ಮ ಹಾಳೆಯನ್ನು ತೆಗೆಸಿ ನೋಡಿದೆ. ಮೇಲಿನಿಂದ ಕೆಳಗೆ ಇಪ್ಪತ್ಮೂರು ಸಲ ‘ಸ್ಥಳೀಯ’ ಎಂದಿದೆ. ಬರೆದವರು ನೀವು. ಅದರ ಮೇಲೆ ಕೂಡಿಸಿ ಕಳೆದವಳು ಮಾತ್ರ ನಾನು.

ಇಂತಿ,
ನಾದಿನಿ


ಜುಲೈ 16

ನಾದಿನಿಗೆ,

ನಾಲ್ಕು ದಿನ ಬೀದಿ ಬೀದಿ ತಿರುಗಿ ಇನ್ನೆರಡು ಮಕ್ಕಳನ್ನು ಸೇರಿಸಿಕೊಂಡಿದ್ದೇನೆ. ಒಂದು ಬೇಕರಿಯವನ ಮೊಮ್ಮಗಳು. ಇನ್ನೊಂದು ಅಂಚೆಯವಳ ಮಗ, ಏನು ಕೇಳಿದರೂ ‘ಅಲ್ಲ’ ಎನ್ನುತ್ತಾನೆ, ನಿನ್ನ ಇಲಾಖೆಗೆ ಸರಿಹೋಗುತ್ತಾನೆ. ಅಲ್ಲಿಗೆ ಇಪ್ಪತ್ತೈದಾಯಿತು. ನೋಟಿಸನ್ನು ವಾಪಸು ತೆಗೆದುಕೊ.

ಏಳನೇ ಕಾಲಂ ವಿಷಯ ನನ್ನ ಹತ್ತಿರ ಎತ್ತಬೇಡ.

ಅತ್ತಿಗೆ


ಜುಲೈ 22

ಅತ್ತಿಗೆ,

ಎಣಿಕೆ ಜೂನ್ ಒಂದಕ್ಕೆ ಮುಗಿದಿದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಆ ಇಬ್ಬರು ಮುಂದಿನ ವರ್ಷದ ಲೆಕ್ಕಕ್ಕೆ ಬರುತ್ತಾರೆ. ಅಷ್ಟರಲ್ಲಿ ನಿಮ್ಮ ಶಾಲೆಯೇ ಇರುವುದಿಲ್ಲ.

ವಿಷಯ ಎತ್ತಬೇಡ ಎಂದಿರಿ, ಅದಕ್ಕೇ ಎತ್ತುತ್ತಿದ್ದೇನೆ. ಹೆಚ್ಚಿನ ತಾಯಂದಿರು ಪೆಟ್ಟಿಗೆ ಕಾರ್ಖಾನೆಯವರು ಎಂದು ನೀವೇ ಬರೆದಿದ್ದೀರಿ. ಆ ಕಾರ್ಖಾನೆ ಶುರುವಾದಾಗಿನಿಂದ ಆ ಊರಿನವರೊಬ್ಬರೂ ಅದರ ಮೆಟ್ಟಿಲು ಹತ್ತಿಲ್ಲ ಎಂಬುದು ನನಗೂ ಗೊತ್ತು, ನಾನು ಹುಟ್ಟಿದ್ದು ಅಲ್ಲೇ. ಹಾಗಾದರೆ ಇಪ್ಪತ್ಮೂರರಲ್ಲಿ ನಿಜವಾಗಿ ಸ್ಥಳೀಯರು ಎಷ್ಟು ಜನ? ಬೈಗುಳ ಬೇಡ, ಒಂದು ಅಂಕಿ ಬರೆಯಿರಿ, ಸಾಕು.

ನಾದಿನಿ


ಜುಲೈ 29

ನಾದಿನಿಗೆ,

ನಾಲ್ಕು.

ಅಂಕಿ ಸಾಕು ಎಂದೆ ನೀನು. ನನಗೆ ಸಾಲದು, ಹಾಗಾಗಿ ಉಳಿದದ್ದನ್ನೂ ಓದು.

ನನಗೆ ಐದು ವರ್ಷವಾಗಿದ್ದಾಗ ಅಪ್ಪನ ಕೆಲಸಕ್ಕಾಗಿ ಊರು ಬಿಟ್ಟು ಬಂದೆವು. ಹೊಸ ಶಾಲೆಯಲ್ಲಿ ಪ್ರತಿ ಶನಿವಾರ ಟೀಚರ್ ಪುಸ್ತಕ ತೆಗೆದು ‘ಹೊರಗಿನವರು’ ಎಂದು ಬರೆದಿದ್ದ ಮಕ್ಕಳ ಹೆಸರನ್ನು ಕೂಗುತ್ತಿದ್ದರು. ನಾವು ಏಳು ಜನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ತಲೆಯಲ್ಲಿ ಹೇನು ಇದೆಯೇ ಎಂದು ಒಂದು ಕಡ್ಡಿಯಿಂದ ಕೂದಲು ಬಿಡಿಸಿ ನೋಡುತ್ತಿದ್ದರು. ಉಳಿದ ಮಕ್ಕಳು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದು ದಿನವೂ ಹೇನು ಸಿಗಲಿಲ್ಲ. ಅದು ಯಾರಿಗೂ ನೆನಪಿರಲಿಲ್ಲ.

ಆಮೇಲೆ ನಿಮ್ಮ ಮನೆಗೆ ಬಂದೆ. ನಿನ್ನ ಅಮ್ಮ ಮನೆಗೆ ಬಂದವರಿಗೆಲ್ಲ ನನ್ನನ್ನು ಏನೆಂದು ತೋರಿಸುತ್ತಿದ್ದರು, ನಿನಗೆ ಗೊತ್ತು. ‘ನಮ್ಮವಳಲ್ಲ, ಹೊರಗಿನವಳು. ಸ್ವಲ್ಪ ಹಾಗೇನೇ.’ ಸಾರಿಗೆ ಉಪ್ಪು ಹೆಚ್ಚಾದರೆ ಹೊರಗಿನವಳು. ಜ್ವರ ಬಂದು ಮಲಗಿದರೆ ಹೊರಗಿನವಳು. ಇಪ್ಪತ್ತು ವರ್ಷ ಆ ಮಾತು ಕೇಳಿದೆ. ನಿನ್ನ ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ನೀನು ಅಲ್ಲೇ ಇರುತ್ತಿದ್ದೆ, ಬಟಾಣಿ ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ. ಒಂದು ಸಲವೂ ‘ಅಮ್ಮ, ಸುಮ್ಮನಿರು’ ಎನ್ನಲಿಲ್ಲ. ಬೀಗದ ಕೈ ಇಟ್ಟು ಹೋದಳು ಎನ್ನುತ್ತೀಯಲ್ಲ, ಆ ಮನೆಯ ಬೀಗದ ಕೈ ನನ್ನದು ಎಂದು ಯಾರಾದರೂ ನನಗೆ ಹೇಳಿದ್ದರೇ?

ಹದಿನಾಲ್ಕು ವರ್ಷದ ಹಿಂದೆ ಮೊದಲ ದಿನ ದಾಖಲಾತಿ ಪುಸ್ತಕ ತೆರೆದಾಗ ಏಳನೇ ಕಾಲಂ ಕಂಡಿತು. ನನ್ನ ಕೈಯಿಂದ ಒಂದು ಮಗುವಿನ ಮುಂದೆಯೂ ಆ ಪದ ಬೀಳುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ. ಎಲ್ಲರೂ ಸ್ಥಳೀಯರು. ಇದರಲ್ಲಿ ಕಳ್ಳತನ ಕಂಡರೆ ಕೇಸು ಹಾಕು.

ಅತ್ತಿಗೆ


ಆಗಸ್ಟ್ 4

ಅತ್ತಿಗೆ,

ನಿಮ್ಮ ಶಾಲೆಯನ್ನು ಮುಚ್ಚಿದವಳು ನಾನು ಎಂದಿರಿ. ಹದಿನಾಲ್ಕು ವರ್ಷದಿಂದ ದಿನಕ್ಕಿಷ್ಟು ಎಂದು ಮುಚ್ಚುತ್ತಾ ಬಂದವರು ನೀವು. ಆ ಕಾಲಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ನಿಮಗೆ ಇನ್ನೊಬ್ಬ ಟೀಚರ್ ಬರುತ್ತಿದ್ದಳು, ಒಬ್ಬ ಆಯಾ ಬರುತ್ತಿದ್ದಳು, ಮುಚ್ಚುವ ಮಾತನ್ನು ಯಾರೂ ಎತ್ತುವ ಹಾಗಿರಲಿಲ್ಲ. ಇಪ್ಪತ್ಮೂರು ಮೂಗನ್ನು ಒಬ್ಬರೇ ಒರೆಸುವ ಕಷ್ಟ ನೀವೇ ತಂದುಕೊಂಡದ್ದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರನ್ನು ಕೇಳಿದ್ದೆ, ಈಗ ನೋಡಿದೆ.

ಅಮ್ಮನ ವಿಷಯ. ಅವಳು ಸತ್ತು ಮೂರು ವರ್ಷವಾಯಿತು, ಎದುರು ಮಾತಾಡಲಾರಳು. ನಾನು ಸುಮ್ಮನಿದ್ದೆ, ನಿಜ. ನೀವು ಬಂದಾಗ ನನಗೆ ಹನ್ನೊಂದು ವರ್ಷ. ಆಮೇಲೆ ಇಪ್ಪತ್ತಾಯಿತು, ಮೂವತ್ತಾಯಿತು, ಆಗಲೂ ಸುಮ್ಮನಿದ್ದೆ. ಬಾಯಿ ಬಿಟ್ಟರೆ ಅಮ್ಮನ ನಾಲಿಗೆ ನನ್ನ ಕಡೆ ತಿರುಗುತ್ತದೆ ಎಂಬ ಭಯ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ, ಹುಡುಕಿ ನೋಡಿದೆ.

ಈಗ ಕೆಲಸದ ಮಾತು. ತಪ್ಪು ಬರೆದಿದ್ದನ್ನು ತಿದ್ದಿಸಬಹುದು. ಅರ್ಧಕ್ಕಿಂತ ಹೆಚ್ಚು, ಅಂದರೆ ಕನಿಷ್ಠ ಹನ್ನೆರಡು ಕುಟುಂಬಗಳು ‘ನಾವು ಹೊರಗಿನಿಂದ ಬಂದವರು’ ಎಂದು ಸಹಿ ಹಾಕಿ ಕೊಡಬೇಕು. ಅದರ ಜೊತೆಗೆ, ‘ಗೊತ್ತಿದ್ದೂ ಸುಳ್ಳು ಬರೆದೆ’ ಎಂದು ಮುಖ್ಯ ಶಿಕ್ಷಕಿಯ ಹೇಳಿಕೆ ಬೇಕು. ಆಗಸ್ಟ್ 31ರೊಳಗೆ ವಿಚಾರಣೆ ಮುಗಿದು ತಿದ್ದುಪಡಿ ಆದರೆ ಶಾಲೆ ಉಳಿಯುತ್ತದೆ. ಆದರೆ ಆ ಹೇಳಿಕೆ ಕೊಟ್ಟವರು ಇನ್ನು ಯಾವ ಸರ್ಕಾರಿ ಶಾಲೆಯಲ್ಲೂ ಕೆಲಸ ಮಾಡುವ ಹಾಗಿಲ್ಲ. ನಿಮಗೆ ನಿವೃತ್ತಿಗೆ ನಾಲ್ಕು ವರ್ಷ ಇದೆ. ಮಾಡಿ ಎಂದು ನಾನು ಹೇಳುತ್ತಿಲ್ಲ.

ನಾದಿನಿ


ಆಗಸ್ಟ್ 17

ನಾದಿನಿಗೆ,

ಇದರ ಜೊತೆ ಹದಿನಾಲ್ಕು ಸಹಿ ಇವೆ. ನನ್ನ ಹೇಳಿಕೆಯೂ ಇದೆ, ಮೂರು ಸಾಲು. ಅದರಲ್ಲಿ ಹೇನಿನ ಕಥೆಯಾಗಲಿ ನಿನ್ನ ಅಮ್ಮನ ಕಥೆಯಾಗಲಿ ಇಲ್ಲ, ಹೆದರಬೇಡ.

ಸಹಿ ಸುಲಭವಾಗಿ ಬಂದವು ಎಂದುಕೊಳ್ಳಬೇಡ. ಮೊದಲು ಪೆಟ್ಟಿಗೆಗೆ ಅಂಟು ಹಚ್ಚುವವನ ಮನೆಗೆ ಹೋದೆ. ಒಂದೇ ಕೋಣೆ, ಗೋಡೆಗೆ ಒರಗಿಸಿದ ಹಾಸಿಗೆಗಳು, ಸ್ಟೂಲಿನ ಮೇಲೆ ಒಣಗಲು ಇಟ್ಟ ಮಗುವಿನ ಶೂ. ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಆಮೇಲೆ ಹೇಳಿದ, “ಮನೆ ಮಾಲೀಕ ನಮ್ಮನ್ನ ಹೊರಗಿನೋರು ಅಂತಾನೆ. ಅಂಗಡಿಯವನೂ ಅಂತಾನೆ. ನಿಮ್ಮ ಪುಸ್ತಕ ಒಂದ್ರಲ್ಲಿ ನಾವು ಊರೋರಾಗಿದ್ವಿ ಟೀಚರ್. ಈಗ ಅದನ್ನೂ ಅಳಿಸ್ತೀರಾ?” ಬಾಗಿಲು ಹಾಕಿಕೊಂಡ. ಒಳ್ಳೆಯ ಮನುಷ್ಯ, ಮೆಲ್ಲಗೇ ಹಾಕಿದ.

ನಾನು ಮಾಡಿದ್ದು ಸರಿ ಎಂದು ಅವನ ಮೆಟ್ಟಿಲು ಇಳಿಯುವಾಗ ಅನ್ನಿಸಿತು. ಆ ಸಮಾಧಾನ ಪಕ್ಕದ ಮನೆಯವರೆಗೆ ಉಳಿಯಿತು.

ಪಕ್ಕದ ಮನೆಯಲ್ಲಿರುವವಳು ಕತ್ತರಿ ಯಂತ್ರದ ಮೇಲೆ ಕೆಲಸ ಮಾಡುವವಳು. ಅವಳ ಮಗಳನ್ನು ನಾವು ಶಾಲೆಯಲ್ಲಿ ‘ಯಾಕೆ’ ಎಂದು ಕರೆಯುತ್ತೇವೆ, ದಿನಕ್ಕೆ ನೂರು ಸಲ ಕೇಳುತ್ತದೆ. ಯಾರಿಂದ ಕಲಿತದ್ದು ಎಂದು ಅವತ್ತು ಗೊತ್ತಾಯಿತು.

“ನನ್ನ ಮಗಳ ಹೆಸರಿನ ಮುಂದೆ ಏನಂತ ಬರೆದಿದ್ರಿ?” ಎಂದು ಕೇಳಿದಳು.

“ಸ್ಥಳೀಯ ಅಂತ.”

“ಯಾರನ್ನ ಕೇಳಿ ಬರೆದ್ರಿ?”

“ಯಾರನ್ನೂ ಕೇಳ್ಲಿಲ್ಲಮ್ಮ. ನಿಮಗೆ ಅವಮಾನ ಆಗಬಾರದು ಅಂತ ಬರೆದೆ.”

ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ನಮ್ಮೂರು ಯಾವುದು ಅಂತ ಹೇಳೋಕೆ ನನಗೆ ಯಾವತ್ತೂ ಅವಮಾನ ಆಗಿಲ್ಲ. ದಿನಾ ಅಲ್ಲಿನ ಕಥೆ ಹೇಳಿಯೇ ಇವಳಿಗೆ ತುತ್ತು ತಿನ್ನಿಸೋದು. ನಾವು ಎಲ್ಲಿಂದ ಬಂದ್ವಿ ಅನ್ನೋದನ್ನ ಮುಚ್ಚಿಡಿ ಅಂತ ನಾನು ಹೇಳಿದ್ನಾ? ಅವಮಾನ ಆಗಿದ್ದು ನಿಮಗೆ. ನಿಮ್ಮದನ್ನ ತಂದು ನನ್ನ ಮಗಳ ತಲೆ ಮೇಲೆ ಯಾಕೆ ಹಾಕಿದ್ರಿ?”

ನಿನಗೂ ನಿನ್ನ ಅಮ್ಮನಿಗೂ ಹೇಳಲು ಇಪ್ಪತ್ತೈದು ವರ್ಷದಿಂದ ಮಾತು ಕೂಡಿಟ್ಟಿದ್ದೇನೆ, ಅವಳಿಗೆ ಹೇಳಲು ಒಂದೂ ಸಿಗಲಿಲ್ಲ. ಆ ಶನಿವಾರಗಳಲ್ಲಿ ಗೋಡೆಗೆ ನಿಲ್ಲಿಸಿದ್ದು ನನ್ನನ್ನು. ಈ ಮಗುವನ್ನು ಯಾರೂ ನಿಲ್ಲಿಸಿರಲಿಲ್ಲ. ಆ ಪದ ಕೆಟ್ಟದ್ದು ಎಂದು ಅದರ ಬದುಕಿನಲ್ಲಿ ಮೊದಲು ತೀರ್ಮಾನ ಮಾಡಿದವಳು ನಾನೇ.

ಅವಳು ಕಾಗದ ಕಸಿದುಕೊಂಡು ಸಹಿ ಹಾಕಿದಳು. ಕ್ಷಮಿಸಿದಳು ಎಂದು ತಿಳಿಯಬೇಡ. ಉಳಿದ ಮನೆಗಳಿಗೆ ನನ್ನ ಮುಂದೆ ಮುಂದೆ ಅವಳೇ ನಡೆದಳು. ಬಾಗಿಲು ಬಡಿದು, “ಶಾಲೆ ಮುಚ್ತಾರಂತೆ, ಸಹಿ ಹಾಕಿ,” ಎಂದು ಅವಳೇ ಹೇಳಿದಳು. ಕೊನೆಗೆ ಅಂಟಿನವನ ಬಾಗಿಲನ್ನೂ ತೆಗೆಸಿ ಸಹಿ ಹಾಕಿಸಿದಳು. ಮೂರು ಸಂಜೆ ಜೊತೆಗೆ ತಿರುಗಿದೆವು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಐವರು ಹಾಕಲಿಲ್ಲ. ಹಾಕದಿರುವುದು ಅವರ ಹಕ್ಕು, ನಾನು ಎರಡನೇ ಸಲ ಹೋಗಲಿಲ್ಲ.

ಅತ್ತಿಗೆ


ಆಗಸ್ಟ್ 20

ಅತ್ತಿಗೆ,

ಕಾಗದಗಳು ಸರಿಯಾಗಿವೆ. ವಿಚಾರಣೆ 28ಕ್ಕೆ, ಬೆಳಗ್ಗೆ ಹನ್ನೊಂದಕ್ಕೆ. ನೀವು ಬರಬೇಕು. ತಿದ್ದುಪಡಿಯನ್ನು ಸಮಿತಿಯ ಮುಂದಿಡುವವಳು ನಾನು, ನಿಮ್ಮ ಮೇಲೆ ಕ್ರಮ ಕೈಗೊಳ್ಳಬೇಕೆಂದು ಬರೆಯುವವಳೂ ನಾನೇ.

ಒಂದು ತೊಡಕಿದೆ. ಕಟ್ಟಿಗೆ ಕಟ್ಟು ಹೋಗುವ ನೋಟಿಸಿಗೆ ಇದು ಬೇಕಿರಲಿಲ್ಲ, ಒಂದೊಂದು ಶಾಲೆಯ ಕಡತಕ್ಕೆ ಬೇಕು: ಅಧಿಕಾರಿಗೂ ಶಿಕ್ಷಕಿಗೂ ಏನಾದರೂ ಸಂಬಂಧ ಇದೆಯೇ ಎಂದು ಬರೆದು ಸಹಿ ಹಾಕಬೇಕು. ಸಮಿತಿಯವರು ಬಾಯಲ್ಲೂ ಕೇಳುತ್ತಾರೆ. ಇದೆ ಎಂದರೆ ಕಡತ ಬೇರೆಯವರ ಮೇಜಿಗೆ ಹೋಗಿ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಗಡುವು ದಾಟಿ ಶಾಲೆ ಮುಚ್ಚಿರುತ್ತದೆ. ಇಲ್ಲ ಎಂದರೆ ಅವತ್ತೇ ಮುಗಿಯುತ್ತದೆ. ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ, ನಾನು ನಿಮ್ಮ ಹೆಸರನ್ನು ಇಲ್ಲಿ ಯಾವತ್ತೂ ಎತ್ತಿಲ್ಲ. ಅದೂ ಸಿಟ್ಟಿನಿಂದಲೇ.

ಆದೇಶ ಆದ ಮೇಲೂ ಒಂದು ವರ್ಷ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಹೆದ್ದಾರಿ ಆಚೆಯ ದೊಡ್ಡ ಶಾಲೆಯವರಿಗೆ ನಿಮ್ಮ ಮಕ್ಕಳ ಮೇಲೆ ಕಣ್ಣಿದೆ. ನಾವಿಬ್ಬರೂ ಸಂಬಂಧಿಕರು ಎಂದು ಅವರಿಗೆ ಗೊತ್ತಾದರೆ ಎಲ್ಲವೂ ರದ್ದು.

ಹಾಗಾಗಿ ಕೇಳುತ್ತಿದ್ದೇನೆ. ‘ನನಗೆ ಇವರು ಏನೂ ಅಲ್ಲ’ ಎಂದು ನಿಮ್ಮ ಎದುರಿಗೆ ನಿಂತು ಹೇಳಬೇಕಾಗುತ್ತದೆ. ನೀವು ಒಪ್ಪಿದರೆ ಮಾತ್ರ ಹೇಳುತ್ತೇನೆ.

ನಾದಿನಿ


ಆಗಸ್ಟ್ 23

ಹೇಳು. ನಿಮ್ಮ ಮನೆಯಲ್ಲಿ ಹೇಗೂ ರೂಢಿ ಇದೆ.

ಅತ್ತಿಗೆ


ಸೆಪ್ಟೆಂಬರ್ 6

ನಾದಿನಿಗೆ,

ಆದೇಶ ಬಂತು. ಶಾಲೆ ಉಳಿಯಿತು. ಹೊಸ ಟೀಚರ್ ಸೋಮವಾರ ಬಂದಳು, ಜೊತೆಗೆ ಒಬ್ಬ ಆಯಾ. ಟೀಚರಿಗೆ ಚಿಕ್ಕ ವಯಸ್ಸು, ದನಿ ಸ್ವಲ್ಪ ಜೋರು, ಆದರೆ ಮಕ್ಕಳ ಮುಂದೆ ನೆಲದ ಮೇಲೆ ಕೂರುತ್ತಾಳೆ, ಅಷ್ಟಿದ್ದರೆ ನಡೆಯುತ್ತದೆ. ಆರೂ ಮುಕ್ಕಾಲಿಗೆ ಬಾಗಿಲು ತೆಗೆಯಬೇಕು ಎಂದು ಎರಡು ಸಲ ಹೇಳಿ, ಕೀಲಿ ಕೊಟ್ಟು ಬಂದೆ. ‘ಯಾಕೆ’ ಗೇಟಿನವರೆಗೆ ಬಂದು ಯಾಕೆ ಹೋಗುತ್ತೀರಿ ಎಂದು ಕೇಳಿತು. ಸುಳ್ಳು ಬರೆದೆ, ಅದಕ್ಕೆ ಎಂದೆ. ಯಾಕೆ ಬರೆದಿರಿ ಎಂದಿತು. ಅಷ್ಟರಲ್ಲಿ ಅವಳ ಅಮ್ಮ ಬಂದು ಕರೆದುಕೊಂಡು ಹೋದಳು. ಹೋಗುವಾಗ ನನ್ನ ಕಡೆ ನೋಡಿ ತಲೆ ಆಡಿಸಿದಳು.

ಮನೆಯಲ್ಲಿ ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ. ಎದ್ದು ಏನು ಮಾಡುವುದು ಎಂದು ಇನ್ನೂ ಗೊತ್ತಾಗಿಲ್ಲ. ಇದು ನಿನ್ನ ಮೇಲಿನ ದೂರಲ್ಲ, ಸುಮ್ಮನೆ ಹೇಳಿದೆ.

ವಿಚಾರಣೆಯ ದಿನದ ವಿಷಯ. ಐದು ವರ್ಷದ ಮೇಲೆ ನಿನ್ನನ್ನು ನೋಡಿದೆ, ಉದ್ದ ಮೇಜಿನ ಆ ಕಡೆ, ಕಡತದ ರಾಶಿಯ ಹಿಂದೆ. ಕೂದಲು ನೆರೆತಿದೆ. ನೀನು ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತೆ. ಸಮಿತಿಯ ಮುದುಕ ಕನ್ನಡಕ ಒರೆಸಿಕೊಳ್ಳುತ್ತಾ, “ಈಯಮ್ಮ ನಿಮಗೇನಾಗಬೇಕು?” ಎಂದು ಕೇಳಿದ. “ಏನೂ ಆಗಬೇಕಾಗಿಲ್ಲ, ಹೊರಗಿನವರು,” ಎಂದೆ ನೀನು. ನನ್ನನ್ನೂ ಕೇಳಿದ. ಇವರು ಯಾರೋ ನನಗೆ ಗೊತ್ತಿಲ್ಲ ಎಂದೆ. ಬರೆದುಕೊಂಡ. ಎರಡು ನಿಮಿಷದ ಕೆಲಸ.

ಆ ಪದವನ್ನು ಕೇಳಿಸಿಕೊಳ್ಳಲು ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಗಟ್ಟಿಯಾಗಿ ಕೂತು ಸಿದ್ಧಳಾಗಿ ಬಂದಿದ್ದೆ. ನಿನ್ನ ದನಿ ಒಡೆಯುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ. ಬೇರೆಯವರಿಗೆ ಕೆಮ್ಮಿದ ಹಾಗೆ ಕೇಳಿಸಿರಬೇಕು. ನಿನಗೆ ಹನ್ನೊಂದು ವರ್ಷವಿದ್ದಾಗಿನಿಂದ ನಿನ್ನ ದನಿ ಕೇಳಿದವಳು ನಾನು, ನನಗೆ ಗೊತ್ತಾಯಿತು. ನಿನ್ನ ಅಮ್ಮ ಇಪ್ಪತ್ತು ವರ್ಷ ಅದೇ ಮಾತು ಹೇಳಿದರು, ಅವರ ದನಿ ಒಂದು ಸಲವೂ ನಡುಗಿರಲಿಲ್ಲ.

ಈ ಕಾಗದವನ್ನು ಓದಿ ಸುಟ್ಟುಬಿಡು. ನೀನು ಬರೆದದ್ದನ್ನೆಲ್ಲ ನಾನು ಇವತ್ತು ಬೆಳಗ್ಗೆ ಒಲೆಗೆ ಹಾಕಿದೆ. ಇನ್ನು ಒಂದು ವರ್ಷ ಕಾಗದ ಬೇಡ, ಫೋನು ಬೇಡ. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸು, ನಾನೂ ತಿರುಗಿಸುತ್ತೇನೆ. ಐದು ವರ್ಷ ಮಾಡಿದ್ದೇವೆ, ನಮಗೇನು ಹೊಸದಲ್ಲ. ಈ ಸಲ ಕಷ್ಟವಾಗುತ್ತದೆ, ಅಷ್ಟೇ.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊ.

ಇಂತಿ,
ನಿನ್ನ ಅತ್ತಿಗೆ